ಆಟದ ಸುದ್ದಿಯಲ್ಲಿ ಆಟಗಾರರೆಲ್ಲಿ, ಚುನಾವಣೆ ಸುದ್ದಿಯಲ್ಲಿ ಊರೆಲ್ಲಿ?

ಬೆಳಿಗ್ಗೆ ಪತ್ರಿಕೋದ್ಯಮದ ಕ್ಲಾಸು, ಸಂಜೆ ದಾವಣಗೆರೆಯ ಒಂದು ದಿನಪತ್ರಿಕೆಯಲ್ಲಿ ಡೆಸ್ಕ್ ಕೆಲಸ. ಜಿಲ್ಲಾ ಪುಟಕ್ಕೆ ಬರುವ ರಾಜಕೀಯ ಸುದ್ದಿ, ಕ್ರೀಡಾ ಸುದ್ದಿ ಎರಡೂ ನನ್ನ ಕೈಯಿಂದಲೇ ದಾಟಿ ಹೋಗುತ್ತವೆ. ಎರಡನ್ನೂ ದಿನಾ ಪಕ್ಕಪಕ್ಕದಲ್ಲಿ ಓದುವುದರಿಂದ ಒಂದು ವಿಷಯ ಕಣ್ಣಿಗೆ ರಾಚುತ್ತದೆ. ರಾಜಕೀಯವನ್ನು ನಾವು ಮ್ಯಾಚಿನಂತೆ ಬರೆಯುತ್ತೇವೆ. ಯಾರು ಮುಂದೆ, ಯಾರು ಹಿಂದೆ, ಯಾರಿಗೆ ಟಿಕೆಟ್, ಯಾರಿಗೆ ಮುಖಭಂಗ. ಮ್ಯಾಚನ್ನು ಮಾತ್ರ ಸಭೆಯಂತೆ ಬರೆಯುತ್ತೇವೆ. ಯಾರು ಉದ್ಘಾಟಿಸಿದರು, ಯಾರು ಅಧ್ಯಕ್ಷತೆ ವಹಿಸಿದ್ದರು, ವೇದಿಕೆ ಮೇಲೆ ಯಾರ್ಯಾರಿದ್ದರು.

ಇದು ತಿರುವುಮುರುವಾಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆಗಸ್ಟ್, ಸೆಪ್ಟೆಂಬರ್ ಬಂತೆಂದರೆ ಶಾಲಾ ಕ್ರೀಡಾಕೂಟಗಳ ಸುಗ್ಗಿ. ಹೋಬಳಿ, ತಾಲ್ಲೂಕು, ಜಿಲ್ಲೆ ಅಂತ ಸಾಲುಸಾಲು. ಪ್ರೆಸ್‌ನೋಟ್‌ಗಳು ವಾಟ್ಸ್‌ಆ್ಯಪ್‌ನಲ್ಲಿ ಬರುತ್ತವೆ. ಕೆಲವು 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲು, ಕೆಲವು ಹಾಳೆಯ ಮೇಲೆ ಬರೆದು ಫೋಟೊ ತೆಗೆದು ಕಳಿಸಿದ್ದು. ಅಂಥದ್ದೊಂದು ಸಂಜೆ ತಾಲ್ಲೂಕು ಮಟ್ಟದ ಕ್ರೀಡಾಕೂಟದ ನೋಟ್ ಬಂತು. ಒಂದೂವರೆ ಪುಟ. ಮೊದಲ ಪುಟದ ತುಂಬ ಭಾಷಣ: ಕ್ರೀಡೆಯಿಂದ ದೇಹ, ಮನಸ್ಸು ಸದೃಢವಾಗುತ್ತದೆ, ಸೋಲು ಗೆಲುವನ್ನು ಸಮಾನವಾಗಿ ಸ್ವೀಕರಿಸಬೇಕು. ಆಮೇಲೆ ಗಣ್ಯರ ಹೆಸರು, ಹುದ್ದೆ ಸಮೇತ. ಕೊನೆಯಲ್ಲಿ ಒಂದೇ ಸಾಲು: ಬಾಲಕಿಯರ ಕೊಕ್ಕೊದಲ್ಲಿ ಇಂಥ ಶಾಲೆ ಪ್ರಥಮ ಸ್ಥಾನ ಪಡೆಯಿತು.

ಕೆಳಗೆ ಪಿ.ಟಿ. ಮೇಷ್ಟ್ರ ನಂಬರ್ ಇತ್ತು. ಫೋನ್ ಮಾಡಿ, "ಸರ್, ಫೈನಲ್ ಸ್ಕೋರ್ ಎಷ್ಟು?" ಅಂತ ಕೇಳಿದೆ. ಆ ಕಡೆಯಿಂದ ಒಂದು ಕ್ಷಣ ಮಾತಿಲ್ಲ. ಆಮೇಲೆ, "ಪೇಪರ್‌ನವರು ಸ್ಕೋರ್ ಕೇಳಿದ್ದು ಇದೇ ಮೊದ್ಲು ನೋಡ್ರಿ ಮೇಡಂ. ತಡೀರಿ, ಶೀಟೇ ಕಳಿಸ್ತೀನಿ" ಅಂದರು.

ಕೊಕ್ಕೊ ಸ್ಕೋರ್‌ಶೀಟ್ ನೋಡಿದವರಿಗೆ ಗೊತ್ತು, ಅದರಲ್ಲಿ ಇಡೀ ಆಟ ಇರುತ್ತದೆ. ಯಾವ ಓಟಗಾರ್ತಿ ಎಷ್ಟು ಹೊತ್ತು ಸಿಕ್ಕಿಬೀಳದೆ ಓಡಿದಳು, ಯಾರು ಯಾರನ್ನು ಮುಟ್ಟಿ ಔಟ್ ಮಾಡಿದರು, ಎಲ್ಲ ಬರೆದಿರುತ್ತಾರೆ. ಮೊದಲ ಸರದಿಯಲ್ಲಿ ಹಿಂದೆ ಬಿದ್ದಿದ್ದ ತಂಡ ಎರಡನೆಯದರಲ್ಲಿ ಸಮ ಮಾಡಿಕೊಂಡು ಒಂದೇ ಪಾಯಿಂಟ್‌ನಲ್ಲಿ ಗೆದ್ದಿತ್ತು. ಗೆದ್ದ ತಂಡದ ಒಂದು ಹುಡುಗಿ ಮೂರು ನಿಮಿಷದ ಹತ್ತಿರ ಹತ್ತಿರ ಯಾರ ಕೈಗೂ ಸಿಕ್ಕಿರಲಿಲ್ಲ. ಕೊಕ್ಕೊ ಅಂಕಣದಲ್ಲಿ ಅಷ್ಟು ಹೊತ್ತು ನಿಲ್ಲುವುದು ಸುಮ್ನೆ ಮಾತಲ್ಲ. ಮುಖ್ಯ ಸುದ್ದಿ ಅಲ್ಲೇ ಇತ್ತು, ನೋಟ್‌ನಲ್ಲಿ ಅವಳ ಹೆಸರೇ ಇರಲಿಲ್ಲ.

ಅವಳ ಓಟದಿಂದಲೇ ಸುದ್ದಿ ಶುರು ಮಾಡಿದೆ. ಸ್ಕೋರ್ ಕೊಟ್ಟೆ, ಎರಡೂ ತಂಡದಲ್ಲಿ ಚೆನ್ನಾಗಿ ಆಡಿದವರ ಹೆಸರು ಹಾಕಿದೆ. ಗಣ್ಯರಿಗೆ ಕೊನೆಯಲ್ಲಿ ಒಂದು ಸಾಲು. ನಮ್ಮ ಡೆಸ್ಕ್‌ನ ಹಿರಿಯರು ಓದಿ, "ಚೆನ್ನಾಗಿದೆ ಕಣಮ್ಮ. ಆದ್ರೆ ಹೆಸರು ಬಿಟ್ಟವರಿಂದ ನಾಳೆ ಫೋನ್ ಬರುತ್ತೆ, ನೋಡ್ತಿರು" ಅಂದರು. ಬಂತು ಕೂಡ. ಹಿರಿಯರು ಆ ಸುದ್ದಿ ತಡೆಯಲಿಲ್ಲ, ಅದು ದೊಡ್ಡ ಮಾತು. ಜಿಲ್ಲಾ ಪತ್ರಿಕೆ ನಡೆಯುವುದೇ ಹುಟ್ಟುಹಬ್ಬದ ಶುಭಾಶಯ, ಜಾತ್ರೆ, ಉದ್ಘಾಟನೆಗಳ ಜಾಹೀರಾತಿನಿಂದ. ಜಾಹೀರಾತು ಕೊಡುವವರು ಮತ್ತು ವೇದಿಕೆ ಮೇಲೆ ಕೂರುವವರು ಬಹುಪಾಲು ಒಬ್ಬರೇ. ಇದನ್ನು ಕ್ಲಾಸಿನಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಆದರೂ ನಾಲ್ಕು ಸಾಲಿನ ಜಾಗ ಹುಡುಗಿಯರಿಗೆ ಬಿಟ್ಟುಕೊಟ್ಟರೆ ಪತ್ರಿಕೆ ಮುಳುಗುವುದಿಲ್ಲ.

ಇಷ್ಟು ಹಟ ಯಾಕೆಂದರೆ, ಆ ನಾಲ್ಕು ಸಾಲು ಆ ಮಗುವಿಗೆ ದಾಖಲೆ. ಮುಂದೆ ಕ್ರೀಡಾ ವಸತಿ ನಿಲಯಕ್ಕೋ ಕಾಲೇಜಿನ ಕ್ರೀಡಾ ಕೋಟಾಕ್ಕೋ ಹೋದಾಗ ಸರ್ಟಿಫಿಕೇಟ್ ಜೊತೆ ಈ ಕಟಿಂಗನ್ನೂ ಇಟ್ಟುಕೊಂಡು ಬರುವ ಅಪ್ಪ ಅಮ್ಮಂದಿರನ್ನು ನಾನು ನೋಡಿದ್ದೇನೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಕೊಕ್ಕೊ ವಿಶ್ವಕಪ್‌ನಲ್ಲಿ ಭಾರತ ಪುರುಷರ, ಮಹಿಳೆಯರ ಎರಡೂ ಪ್ರಶಸ್ತಿ ಗೆದ್ದಿತು. ಗೆದ್ದ ಮಹಿಳಾ ತಂಡದಲ್ಲಿದ್ದ ಬಿ. ಚೈತ್ರಾ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಅಂಥವರು ಬೆಳೆಯುವುದು ಹಳ್ಳಿ ಮೈದಾನಗಳಲ್ಲೇ ಅಲ್ವಾ? ನಮ್ಮೂರಿನ ಬೌಲರ್ ಆರ್. ವಿನಯ್ ಕುಮಾರ್ ನಾಯಕತ್ವದಲ್ಲಿ ಕರ್ನಾಟಕ 2013-14, 2014-15ರಲ್ಲಿ ಸತತವಾಗಿ ರಣಜಿ ಗೆದ್ದ ಮೇಲೆ 'ದಾವಣಗೆರೆ ಎಕ್ಸ್‌ಪ್ರೆಸ್' ಅಂತ ಎಲ್ಲರೂ ಎದೆ ತಟ್ಟಿಕೊಂಡೆವು. ಹಾಗೆ ಬೆಳೆಯುವ ಮುಂಚೆ ಇಲ್ಲಿನ ಮೈದಾನದಲ್ಲಿ ಆಡುವ ಹುಡುಗರ ಸ್ಕೋರು ಬರೆದಿಡಬೇಕಾದವರು ಊರಿನ ಪತ್ರಿಕೆಯವರು. ನಾವು ಬರೆಯದಿದ್ದರೆ ಬೆಂಗಳೂರಿನಿಂದ ಯಾರೂ ಬಂದು ಬರೆಯುವುದಿಲ್ಲ.

ನಮ್ಮೂರಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯ ಕುಸ್ತಿಗೂ ಇದೇ ಮಾತು. ಬಹುಮಾನ ಕೊಟ್ಟವರು ಯಾರು ಅನ್ನುವುದು ಸುದ್ದಿಯಲ್ಲಿ ತಪ್ಪದೆ ಇರುತ್ತದೆ. ಯಾವ ಪಟ್ಟು ಹಾಕಿ ಚಿತ್ ಮಾಡಿದ ಅನ್ನುವುದು ಇರುವುದಿಲ್ಲ. ಗರಡಿ ಮನೆಗಳ ಊರಿನ ಓದುಗರಿಗೆ ಪಟ್ಟು ಅರ್ಥವಾಗುತ್ತದೆ, ಬರೆಯಲು ಅಂಜಬೇಕಿಲ್ಲ.

ಈಗ ರಾಜಕೀಯಕ್ಕೆ ಬರುತ್ತೇನೆ. ಕ್ಲಾಸಿನ ಪ್ರಾಜೆಕ್ಟ್‌ಗೆಂದು 2024ರ ಲೋಕಸಭಾ ಚುನಾವಣೆಯ ಕಟಿಂಗ್‌ಗಳನ್ನು ಗುಡ್ಡೆ ಹಾಕಿಕೊಂಡು ಓದಿದೆ. ನಮ್ಮಲ್ಲಿ ಮೇ 7ಕ್ಕೆ ಮತದಾನ ಇತ್ತು. ಎರಡು ದೊಡ್ಡ ಪಕ್ಷಗಳಿಂದಲೂ ಮಹಿಳೆಯರೇ ನಿಂತಿದ್ದರು. ಪ್ರಭಾ ಮಲ್ಲಿಕಾರ್ಜುನ್ ಗೆದ್ದು ದಾವಣಗೆರೆಯ ಮೊದಲ ಸಂಸದೆಯಾದರು. ಇಂಥ ಚುನಾವಣೆಯನ್ನೂ ಹೆಚ್ಚಾಗಿ ಬರೆದದ್ದು ಎರಡು ಮನೆತನಗಳ ಹಣಾಹಣಿ ಅಂತ. ಒಬ್ಬರು ಯಾರ ಸೊಸೆ, ಇನ್ನೊಬ್ಬರು ಯಾರ ಪತ್ನಿ, ಯಾವ ಸಮುದಾಯದ ಮತ ಯಾರ ಕಡೆ ವಾಲುತ್ತದೆ. ಭದ್ರಾ ನಾಲೆಯ ಕೊನೆ ಭಾಗದ ರೈತರಿಗೆ ನೀರು ಮುಟ್ಟುವುದು, ಮೆಕ್ಕೆಜೋಳದ ಬೆಲೆ, ಮಂಡಕ್ಕಿ ಭಟ್ಟಿಗಳ ಹೊಗೆಯಲ್ಲಿ ಬದುಕುವವರ ಕೆಮ್ಮು, ಇವೆಲ್ಲ ಒಳಪುಟದ ಸಣ್ಣ ಸುದ್ದಿಗಳು. ಈ ಪ್ರಶ್ನೆಗಳನ್ನು ಇಬ್ಬರ ಮುಂದೂ ಒಂದೇ ರೀತಿ ಇಟ್ಟು, ಉತ್ತರಗಳನ್ನು ಅಕ್ಕಪಕ್ಕ ಅಚ್ಚು ಹಾಕಿದ್ದರೆ ಓದುಗರಿಗೆ ಎಷ್ಟು ಉಪಯೋಗವಾಗುತ್ತಿತ್ತು!

ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯದು ಇನ್ನೂ ದೊಡ್ಡ ಉದಾಹರಣೆ. 2023ರ ಫೆಬ್ರುವರಿ 1ರ ಕೇಂದ್ರ ಬಜೆಟ್‌ನಲ್ಲಿ ಈ ಯೋಜನೆಗೆ 5,300 ಕೋಟಿ ರೂಪಾಯಿ ನೆರವು ಘೋಷಿಸಿದರು. ಚಿತ್ರದುರ್ಗ, ದಾವಣಗೆರೆ, ತುಮಕೂರು, ಚಿಕ್ಕಮಗಳೂರು ಜಿಲ್ಲೆಗಳ 2.25 ಲಕ್ಷ ಹೆಕ್ಟೇರ್ ಬಯಲು ಭೂಮಿಗೆ ನೀರು ಕೊಡುವ ಯೋಜನೆ ಅದು. ಘೋಷಣೆಯ ಮರುದಿನ ಪತ್ರಿಕೆಯಲ್ಲಿ ಅದೇ ಭರ್ಜರಿ ಮುಖ್ಯ ಸುದ್ದಿ. ಆಮೇಲೆ ಅದು ಪಕ್ಷಗಳ ಜಗಳವಾಗಿ ಮಾತ್ರ ಬರತೊಡಗಿತು. ಕೇಂದ್ರ ಹಣ ಕೊಟ್ಟಿಲ್ಲ ಎಂದು ಒಬ್ಬರು, ರಾಜ್ಯದ್ದೇ ತಪ್ಪು ಎಂದು ಇನ್ನೊಬ್ಬರು. ನಾಲೆ ಎಲ್ಲಿವರೆಗೆ ಬಂದಿದೆ, ಯಾರ ಜಮೀನಿನ ಪರಿಹಾರ ಬಾಕಿ ಇದೆ, ಜಗಳೂರಿನ ಕಡೆಯ ಯಾವ ಕೆರೆಗೆ ಯಾವಾಗ ನೀರು? ಇಲ್ಲಿ ಬೇಕಾದದ್ದು ಆ ಕೊಕ್ಕೊ ಶೀಟ್‌ನಂಥದ್ದೇ ಲೆಕ್ಕ.

ಹಾಗಾಗಿ ನಾನೊಂದು ನೋಟ್‌ಬುಕ್ ಇಟ್ಟಿದ್ದೇನೆ. ಯಾರೇ ಏನೇ ಘೋಷಿಸಲಿ, ತಾರೀಖು, ಹೇಳಿದವರು, ಮೊತ್ತ, ಮುಗಿಸುವ ಗಡುವು ಬರೆದುಕೊಳ್ಳುತ್ತೇನೆ. ಗಡುವು ಬಂದ ದಿನ ಸಂಬಂಧಪಟ್ಟ ಎಂಜಿನಿಯರ್‌ಗೆ ಒಂದು ಫೋನ್. ಒಂದು ಬಡಾವಣೆಯ ನೀರಿನ ಟ್ಯಾಂಕ್ ಬಗ್ಗೆ ಕೇಳಿದಾಗ "ಟೆಂಡರ್ ಹಂತದಲ್ಲಿದೆ" ಅಂದರು, ಭೂಮಿಪೂಜೆ ಫೋಟೊ ನಮ್ಮಲ್ಲೇ ಎಂದೋ ಬಂದಿತ್ತು. ಆ ಫೋಟೊವನ್ನು ಮತ್ತೆ ಹಾಕಿ, ಈಗಿನ ಸ್ಥಿತಿ ಬರೆದೆವು. ಡಬಲ್ ಕಾಲಂ ಸಿಕ್ಕಿತು.

ಜನ ಎಷ್ಟು ಸೇರಿದ್ದರು ಅನ್ನುವುದೂ ಹೀಗೆಯೇ. ಮಧ್ಯ ಕರ್ನಾಟಕ ಅಂತ ದೊಡ್ಡ ಸಮಾವೇಶಗಳೆಲ್ಲ ನಮ್ಮೂರಿಗೆ ಬರುತ್ತವೆ. 2022ರ ಆಗಸ್ಟ್ 3ರಂದು ಸಿದ್ದರಾಮಯ್ಯ ಅವರ 75ನೇ ಹುಟ್ಟುಹಬ್ಬದ ಸಮಾವೇಶ, 2023ರ ಮಾರ್ಚ್ 25ರಂದು ಪ್ರಧಾನಿ ಮೋದಿ ಅವರ ಸಭೆ. ಯಾವ ಪಕ್ಷದ್ದಾದರೂ ಸರಿ, ಸಂಘಟಕರು ಹೇಳಿದ ಲಕ್ಷವನ್ನು ಹಾಗೇ ಬರೆಯಬಾರದು. ಅಮೆರಿಕದ ಬರ್ಕ್ಲಿಯಲ್ಲಿ ಪತ್ರಿಕೋದ್ಯಮ ಕಲಿಸುತ್ತಿದ್ದ ಹರ್ಬರ್ಟ್ ಜೇಕಬ್ಸ್ 1960ರ ದಶಕದಲ್ಲಿ ಹೇಳಿಕೊಟ್ಟ ಲೆಕ್ಕ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಸಡಿಲವಾಗಿ ನಿಂತರೆ ಒಬ್ಬರಿಗೆ 10 ಚದರ ಅಡಿ, ಒತ್ತಾಗಿ ನಿಂತರೆ 4.5 ಚದರ ಅಡಿ. ಒಂದು ಎಕರೆ ಅಂದರೆ 43,560 ಚದರ ಅಡಿ. ಅಲ್ಲಿಗೆ ಎಕರೆಗೆ ಸಡಿಲವಾಗಿ 4,350ರಷ್ಟು, ಒತ್ತಾಗಿ 9,700ರಷ್ಟು ಜನ. ಎರಡು ಲಕ್ಷ ಅನ್ನಬೇಕಾದರೆ 20 ಎಕರೆಗಿಂತ ಜಾಸ್ತಿ ಜಾಗ ಕಿಕ್ಕಿರಿದು ತುಂಬಿರಬೇಕು. ಕುರ್ಚಿ ಹಾಕಿದ್ದರೆ ಲೆಕ್ಕ ಇನ್ನೂ ಇಳಿಯುತ್ತದೆ. ಮೊಬೈಲ್ ನಕ್ಷೆಯಲ್ಲಿ ಮೈದಾನ ಅಳೆಯಲು ಐದು ನಿಮಿಷ ಸಾಕು.

ಸೋಲು ಗೆಲುವು ಇಲ್ಲದ ರಾಜಕೀಯ ನಮ್ಮ ಕಣ್ಣಿಗೇ ಬೀಳುವುದಿಲ್ಲ ಅನ್ನುವುದು ನನಗೆ ಜಾಸ್ತಿ ನೋವಿನ ವಿಷಯ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ಆಯಿತು, 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಅಧಿಕಾರಿಗಳದೇ ಆಡಳಿತ. ಹಳ್ಳಿಯವರು ಶಾಲೆಯ ಮಾಡು ಸೋರುತ್ತಿದೆ ಅಂತ ಹೇಳಿಕೊಳ್ಳಲು ಆ ಪಂಚಾಯಿತಿಗಳಲ್ಲಿ ತಾವು ಆರಿಸಿದ ಸದಸ್ಯರೇ ಇರಲಿಲ್ಲ. ಇದು ದಿನಾ ಬರೆಯಬೇಕಾದ ಸುದ್ದಿ. ಅಭ್ಯರ್ಥಿಗಳಿಲ್ಲ, ಪೈಪೋಟಿ ಇಲ್ಲ ಅಂತ ಮೂಲೆಗೆ ಸರಿಯಿತು.

"ಆಟದಲ್ಲಿ ರಾಜಕೀಯ ಬೇಡ" ಅನ್ನುವವರಿಗೂ ಒಂದು ಮಾತು. 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಕಪ್ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಅನುಮತಿ ಯಾರು ಕೊಟ್ಟರು, ಗೇಟು ಎಷ್ಟು ತೆರೆದಿದ್ದವು, ಪೊಲೀಸರು ಎಷ್ಟಿದ್ದರು ಅನ್ನುವ ಪ್ರಶ್ನೆಗಳನ್ನು ಸಂಭ್ರಮ ಶುರುವಾಗುವ ಮೊದಲೇ ಕೇಳಬೇಕು. ಕ್ರೀಡಾ ವರದಿಗಾರರಿಗೂ ಈ ಅಭ್ಯಾಸ ಇರಬೇಕು. ನಮ್ಮಲ್ಲಿ ಸಣ್ಣ ಟೂರ್ನಿ ನಡೆದಾಗಲೂ ಆಂಬುಲೆನ್ಸ್ ಇತ್ತಾ, ಮಕ್ಕಳಿಗೆ ಕುಡಿಯುವ ನೀರು ಇತ್ತಾ ಅಂತ ನಾನೀಗ ಕೇಳುತ್ತೇನೆ.

ಸದ್ಯ ಸಂಪಾದಕರ ಮುಂದೆ ಒಂದು ಸರಣಿ ಇಟ್ಟಿದ್ದೇನೆ. ಯಾವ ಸರ್ಕಾರಿ ಪ್ರೌಢಶಾಲೆಗೆ ಮೈದಾನ ಇಲ್ಲ, ಎಲ್ಲಿ ಇದ್ದದ್ದು ಒತ್ತುವರಿಯಾಗಿದೆ, ಎಲ್ಲಿ ಪಿ.ಟಿ. ಶಿಕ್ಷಕರ ಹುದ್ದೆ ಖಾಲಿ ಬಿದ್ದಿದೆ. "ಒಂದೇ ತಾಲ್ಲೂಕು ತಗೊಂಡು ಶುರು ಮಾಡಮ್ಮ, ಪೂರ್ತಿ ಮಾಡು" ಅಂದಿದ್ದಾರೆ. ಜಗಳೂರಿನಿಂದ ಶುರು ಮಾಡುತ್ತಿದ್ದೇನೆ. ಆ ಕಡೆಯ ಪಿ.ಟಿ. ಮೇಷ್ಟ್ರುಗಳು, ಪೋಷಕರು, ಹಳೆ ಆಟಗಾರರು ಯಾರಾದರೂ ಇದನ್ನು ಓದುತ್ತಿದ್ದರೆ ಶಾಲೆಯ ಹೆಸರು, ಮೈದಾನದ ಒಂದು ಫೋಟೊ, ಮಕ್ಕಳು ಈಗ ಎಲ್ಲಿ ಆಡುತ್ತಾರೆ ಅನ್ನುವುದನ್ನು ತಿಳಿಸಿ. ನಾನೇ ಬಂದು ನೋಡಿ ಬರೆಯುತ್ತೇನೆ.