ಸಾವಿರದ ಇನ್ನೂರರ ಕಂಟ್ರೋಲರ್

ಬದಿಯಡ್ಕ ಹತ್ತಿರದ ನಮ್ಮ ಮನೆಯವರೆಗೆ ಕೊರಿಯರ್ ಹುಡುಗ ಬರುವುದಿಲ್ಲ. ಗುಡ್ಡ ಇಳಿದು ರಸ್ತೆ ಬದಿಯಲ್ಲಿ ನಾನೇ ಕಾಯಬೇಕು. ಹಾಗೆ ಮಳೆಯಲ್ಲಿ ಕೊಡೆ ಹಿಡಿದು ತಂದದ್ದು 1,200 ರೂಪಾಯಿಯ ಈ ವೈರ್‌ಲೆಸ್ ಗೇಮ್ ಕಂಟ್ರೋಲರ್.

ಹಗುರ. ಒಳಗೆ ಏನಾದರೂ ಇದೆಯಾ ಅನ್ನುವಷ್ಟು ಹಗುರ. ಬಟನ್‌ಗಳು ಪರವಾಗಿಲ್ಲ. ನಾಲ್ಕು ದಿಕ್ಕಿನ ಬಟನ್, ಅಂದರೆ ಡಿ-ಪ್ಯಾಡ್ ಮಾತ್ರ ಕೆಳಗೆ ಒತ್ತಿದರೆ ಒಮ್ಮೊಮ್ಮೆ ಓರೆಗೆ ಹೋಗುತ್ತದೆ.

ಮೊದಲ ದಿನ ಫುಟ್‌ಬಾಲ್ ಆಟದಲ್ಲಿ ನನ್ನ ಆಟಗಾರ ನಡುನಡುವೆ ಕಲ್ಲಾಗಿ ನಿಲ್ಲುತ್ತಿದ್ದ. ದುಡ್ಡು ನೀರಿಗೆ ಹೋಯಿತು ಅಂದುಕೊಂಡೆ. ನೋಡಿದರೆ ಕಂಟ್ರೋಲರಿನ ಸಿಗ್ನಲ್ ಹಿಡಿಯುವ ರಿಸೀವರ್ ಇದ್ದದ್ದು ಕಂಪ್ಯೂಟರಿನ ಯುಎಸ್‌ಬಿ 3.0 ಪೋರ್ಟಿನಲ್ಲಿ, ಪಕ್ಕದಲ್ಲೇ ಹಾರ್ಡ್ ಡಿಸ್ಕ್. ಯುಎಸ್‌ಬಿ 3.0 ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತ ರೇಡಿಯೋ ಗದ್ದಲ ಎಬ್ಬಿಸುತ್ತದೆ. ಕಂಟ್ರೋಲರ್ ಮಾತಾಡುವುದೂ ಅಲ್ಲೇ ಅಲ್ವಾ! ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ರಿಸೀವರನ್ನು ಮೇಜಿನ ಮುಂದೆ ತಂದೆ. ಆಮೇಲೆ ತೊಂದರೆ ಇಲ್ಲ.

ನನಗೆ ಅನುಮಾನ ಹೆಬ್ಬೆರಳಲ್ಲಿ ಆಡಿಸುವ ಸ್ಟಿಕ್ ಮೇಲೆ. ಇದು ಆಯಸ್ಕಾಂತದಿಂದ ಸ್ಟಿಕ್ಕಿನ ಚಲನೆ ಅಳೆಯುವ ಹಾಲ್ ಎಫೆಕ್ಟ್ ಅಲ್ಲ, ಉಜ್ಜಿಕೊಂಡು ಅಳೆಯುವ ಹಳೆ ಪೊಟೆನ್ಶಿಯೋಮೀಟರ್. ಒಳಗಿನ ಕಾರ್ಬನ್ ಪದರ ಉಜ್ಜಿ ಉಜ್ಜಿ ಸವೆಯುತ್ತದೆ, ಕೊನೆಗೆ ಕೈ ತೆಗೆದರೂ ಆಟಗಾರ ತಾನೇ ನಡೆಯುತ್ತಾನೆ. ಹಾಲ್ ಎಫೆಕ್ಟ್‌ನಲ್ಲಿ ಆಯಸ್ಕಾಂತ, ಸೆನ್ಸರ್ ಒಂದಕ್ಕೊಂದು ತಾಗುವುದೇ ಇಲ್ಲ. ವಿಂಡೋಸಿನಲ್ಲಿ ಪರೀಕ್ಷೆ ಮಾಡಿದೆ: ಎಡ ಸ್ಟಿಕ್ಕಿನ ಗುರುತು ಈಗಲೇ ಕೂದಲೆಳೆಯಷ್ಟು ಬಲಕ್ಕಿದೆ. ಡೆಡ್‌ಝೋನ್, ಅಂದರೆ ನಡುವಿನ ಸಣ್ಣ ಅಲುಗಾಟವನ್ನು ಲೆಕ್ಕಕ್ಕೆ ಹಿಡಿಯದ ಜಾಗ, ಸ್ವಲ್ಪ ಏರಿಸಿ ಸುಮ್ಮನಾದೆ.

ಬ್ಯಾಟರಿ ಬಗ್ಗೆ ದೂರಿಲ್ಲ. ನಿನ್ನೆ ರಾತ್ರಿ ಗಾಳಿಮಳೆಗೆ ಕರೆಂಟ್ ಹೋಯಿತು. ತಂಗಿಯ ಮಗ ಕತ್ತಲಲ್ಲೇ ಹೇಳಿದ: "ಮಾವ, ಟಿವಿ ಹೋಯ್ತು, ಇದರ ಲೈಟ್ ಮಾತ್ರ ಇನ್ನೂ ಮಿನುಗ್ತಾ ಉಂಟು."