ಹಿತ್ತಲಿನ ಎಲ್ಡರ್‌ಬೆರಿ: ಕಡ್ಡಿ ನೆಟ್ಟಲ್ಲಿಂದ ಸಿರಪ್ ಕಾಸುವವರೆಗೆ

ಮಿಸ್ಸೂರಿಯ ಕೊಲಂಬಿಯಾದಲ್ಲಿರುವ ನಮ್ಮ ಮನೆಯ ಹಿತ್ತಲಿನ ತಗ್ಗಿನಲ್ಲಿ ಮಳೆನೀರು ನಿಂತು ಬದನೆ, ಟೊಮೆಟೊಗಳ ಬೇರು ಕೊಳೆಯುತ್ತಿದ್ದುದರಿಂದ, ತೇವವನ್ನು ಸಹಿಸಿಕೊಳ್ಳುವ, ಸಣ್ಣ ಕಪ್ಪು-ನೇರಳೆ ಹಣ್ಣಿನ ಪೊದೆಯಾದ ಅಮೆರಿಕನ್ ಎಲ್ಡರ್‌ಬೆರಿಯನ್ನು ಅಲ್ಲಿ ಬೆಳೆಸಲು ನಿರ್ಧರಿಸಿದೆವು. ಇದು ಈ ನೆಲದ್ದೇ ಗಿಡ. ಜೂನ್ ತಿಂಗಳಲ್ಲಿ ಹಳ್ಳಿ ರಸ್ತೆಗಳ ಚರಂಡಿಯಂಚಿನಲ್ಲಿ ಕೊಡೆಯಂತೆ ಹರಡಿದ ಇದರ ಬಿಳಿ ಹೂಗೊಂಚಲುಗಳು ಎಲ್ಲೆಲ್ಲೂ ಕಾಣುತ್ತವೆ. ಆದರೆ ಅಂಥದ್ದೇ ಜೌಗಿನಲ್ಲಿ, ಅಂಥದ್ದೇ ಹೂ ಬಿಡುವ ವಾಟರ್ ಹೆಮ್ಲಾಕ್ ಎಂಬ ಮಾರಕ ವಿಷದ ಗಿಡವೂ ಇರುತ್ತದೆ. ಎಲ್ಡರ್‌ಬೆರಿಯ ಕಾಂಡ ಗಟ್ಟಿಯಾದ ಕಟ್ಟಿಗೆ, ಎಲೆಗಳು ಎದುರುಬದುರು. ಹೆಮ್ಲಾಕ್‌ನ ಕಾಂಡ ಮೆದು, ಎಲೆಗಳು ಒಂದು ಬಿಟ್ಟು ಒಂದು. ಈ ವ್ಯತ್ಯಾಸ ಕಣ್ಣಿಗೆ ಪಳಗದವರು ಕಾಡಿನ ಗಿಡಕ್ಕೆ ಕೈಹಾಕಬಾರದೆಂಬುದು ನನ್ನ ಅಭಿಪ್ರಾಯ.

ನಾವು ಆರಿಸಿಕೊಂಡದ್ದು ಬಾಬ್ ಗಾರ್ಡನ್ ಮತ್ತು ವೈಲ್ಡ್‌ವುಡ್ ತಳಿಗಳು. ಎರಡು ತಳಿಗಳು ಹತ್ತಿರದಲ್ಲಿದ್ದರೆ ಕಾಯಿ ಚೆನ್ನಾಗಿ ಕಚ್ಚುತ್ತದೆ. ಇವೆರಡೂ ಆ ವರ್ಷದ ಹೊಸ ಚಿಗುರಿನಲ್ಲೇ ಹಣ್ಣು ಬಿಡುವುದರಿಂದ ಚಳಿಗಾಲದ ಕೊನೆಗೆ ಇಡೀ ಪೊದೆಯನ್ನು ನೆಲಮಟ್ಟಕ್ಕೆ ಕತ್ತರಿಸಿಬಿಡಬಹುದು. ಫೆಬ್ರವರಿಯಲ್ಲಿ, ಮೊಗ್ಗು ಒಡೆಯುವ ಮೊದಲು, ಪೆನ್ಸಿಲ್ ದಪ್ಪದ ಕಡ್ಡಿಗಳನ್ನು ಎರಡು ಗೆಣ್ಣುಗಳಾದರೂ ಇರುವಂತೆ, ತಲೆಕೆಳಗಾಗದಿರಲೆಂದು ಮೇಲ್ತುದಿಯನ್ನು ಓರೆಯಾಗಿ ಕತ್ತರಿಸಿ, ಒದ್ದೆ ಮರಳಿನಲ್ಲಿ ಊರಿದೆವು. ಬೇರು ಬಿಡುವುದರಲ್ಲಿ ಇದು ನಮ್ಮ ದಾಸವಾಳಕ್ಕಿಂತಲೂ ಉದಾರಿ.

ಮೊದಲ ವರ್ಷ ಬಂದ ಹೂಗಳನ್ನು ಚಿವುಟಿ ಹಾಕಿದೆವು. ಬೇರು ಮೇಲ್ಪದರದಲ್ಲೇ ಹರಡುವುದರಿಂದ ಗುದ್ದಲಿ ತಾಗಿಸದೆ, ಮರದ ಹೊಟ್ಟಿನ ದಪ್ಪ ಹೊದಿಕೆ ಹಾಕಿ ಕಳೆಯನ್ನು ತಡೆದೆವು. ಎಲೆ ತಿನ್ನುವ ಜಪಾನಿ ದುಂಬಿಗಳನ್ನು ಬೆಳಗಿನ ತಂಪಿನಲ್ಲಿ ಸಾಬೂನು ನೀರಿಗೆ ಉದುರಿಸಿದ್ದನ್ನು ಬಿಟ್ಟರೆ ಹೇಳಿಕೊಳ್ಳುವಂಥ ಕೆಲಸವಿರಲಿಲ್ಲ.

ಈ ಆಗಸ್ಟ್‌ನಲ್ಲಿ ಕೊಯ್ಲು ಆರಂಭವಾಯಿತು. ಬಾಬ್ ಗಾರ್ಡನ್‌ನ ಗೊಂಚಲುಗಳು ಮಾಗುತ್ತಲೇ ಬಾಗಿ ಕೆಳಮುಖವಾಗುವುದರಿಂದ ಹಕ್ಕಿಗಳಿಗೆ ಕೂರಲು ನೆಲೆ ಸಿಗದೆ ನಮ್ಮ ಪಾಲು ಉಳಿಯಿತು. ತೊಟ್ಟು ಬಿಡಿಸುವುದೇ ನಿಜವಾದ ದುಡಿಮೆ. ಗೊಂಚಲುಗಳನ್ನು ಹಾಗೆಯೇ ಫ್ರೀಜರ್‌ನಲ್ಲಿಟ್ಟು, ಗಟ್ಟಿಯಾದ ಮೇಲೆ ಬಕೆಟ್ಟಿನೊಳಗೆ ಬಡಿದರೆ ಮೆಣಸಿನ ಕಾಳಿಗಿಂತ ಸ್ವಲ್ಪ ದೊಡ್ಡದಾದ ಹಣ್ಣುಗಳು ಪಟಪಟನೆ ಉದುರುತ್ತವೆ. ಬಳಿಕ ನೀರಿಗೆ ಹಾಕಿದರೆ ಮಾಗಿದವು ತಳ ಸೇರಿ, ಹಸಿರುಕಾಯಿ ಮತ್ತು ಕಸ ಮೇಲೆ ತೇಲುತ್ತವೆ. ಬೆರಳಿಗೆ ಹಿಡಿದ ನೇರಳೆ ಬಣ್ಣ ನಿಂಬೆಹಣ್ಣು ಉಜ್ಜಿದರೂ ಪೂರ್ತಿ ಬಿಡಲಿಲ್ಲ.

ಇಷ್ಟು ಎಚ್ಚರಿಕೆಗೆ ಕಾರಣವಿದೆ. ಎಲೆ, ತೊಗಟೆ, ತೊಟ್ಟು, ಹಸಿರುಕಾಯಿಗಳಲ್ಲಿ ಸಯನೈಡ್ ಬಿಡುಗಡೆ ಮಾಡುವ ಸಂಯುಕ್ತಗಳಿವೆ. 1983ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಕೌಂಟಿಯಲ್ಲಿ, ಹಣ್ಣಿನೊಂದಿಗೆ ಎಲೆ, ರೆಂಬೆಗಳನ್ನೂ ಜಜ್ಜಿ ತೆಗೆದ ಹಸಿ ರಸವನ್ನು ಕುಡಿದ ಗುಂಪಿನ ಎಂಟು ಮಂದಿಯನ್ನು ವಾಂತಿ ಮತ್ತು ನಿಶ್ಶಕ್ತಿಯ ಕಾರಣ ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಸಾಗಿಸಬೇಕಾಯಿತು. ನಮ್ಮಲ್ಲಿ ಎಲೆ ಜಜ್ಜಿ ರಸ ಹಿಂಡುವ ರೂಢಿ ದೊಡ್ಡಪತ್ರೆಯಿಂದ ಕೈಗೆ ಹತ್ತಿದೆ. ಅದನ್ನು ಈ ಗಿಡದ ಹತ್ತಿರ ತರಲೇಬಾರದು.

ಸಿರಪ್‌ಗೆ ಹಣ್ಣಿನಷ್ಟೇ ನೀರು, ಜಜ್ಜಿದ ಶುಂಠಿ, ಚಕ್ಕೆ, ಎರಡು ಲವಂಗ ಸೇರಿಸಿ ಅರ್ಧ ಗಂಟೆ ಸಣ್ಣ ಉರಿಯಲ್ಲಿ ಕುದಿಸಿ, ಬೀಜವನ್ನು ಅರೆಯದೆ ತೆಳುಬಟ್ಟೆಯಲ್ಲಿ ಸೋಸಿ, ಉಗುರುಬೆಚ್ಚಗಾದ ಮೇಲೆ ಜೇನು ಬೆರೆಸುತ್ತೇವೆ. ಜೇನು ಇರುವುದರಿಂದ ಒಂದು ವರ್ಷದೊಳಗಿನ ಮಗುವಿಗೆ ಇದನ್ನು ಕೊಡುವಂತಿಲ್ಲ. ಹಣ್ಣಿನಲ್ಲಿ ಹುಳಿ ಕಡಿಮೆಯಾದ ಕಾರಣ ಬಾಟಲಿಗೆ ತುಂಬಿ ಕಪಾಟಿನಲ್ಲಿಡುವುದು ಸುರಕ್ಷಿತವಲ್ಲ. ವಾರಕ್ಕೆ ಬೇಕಾದಷ್ಟನ್ನು ಫ್ರಿಜ್‌ನಲ್ಲಿಟ್ಟು, ಮಿಕ್ಕದ್ದನ್ನು ಐಸ್ ಅಚ್ಚುಗಳಲ್ಲಿ ಹೆಪ್ಪುಗಟ್ಟಿಸಿದ್ದೇವೆ.

ನೆಗಡಿ, ಫ್ಲೂಗೆ ಒಳ್ಳೆಯದೆಂದು ಜನ ಕುಡಿಯುವ ಈ ಸಿರಪ್‌ನ ಗುಣದ ವಿಷಯದಲ್ಲಿ ನಾನು ದೊಡ್ಡ ಮಾತಾಡಲಾರೆ. ನಾರ್ವೆಯಲ್ಲಿ 60 ಫ್ಲೂ ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎಲ್ಡರ್‌ಬೆರಿ ಸಿರಪ್ ಕುಡಿದವರು ಸರಾಸರಿ ನಾಲ್ಕು ದಿನ ಮೊದಲೇ ಚೇತರಿಸಿಕೊಂಡರೆ, 2020ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ಆಸ್ಪತ್ರೆಯ ವೈದ್ಯರು 87 ರೋಗಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಏನೂ ಪ್ರಯೋಜನ ಕಾಣಲಿಲ್ಲ. ಹೀಗಾಗಿ ಗಂಟಲು ಕೆರೆದಾಗ ಬಿಸಿನೀರಿನಲ್ಲಿ ಒಂದು ಚಮಚ ಬೆರೆಸಿ ಕುಡಿಯುತ್ತೇವೆ. ಫ್ಲೂ ಲಸಿಕೆಯನ್ನು ಮಾತ್ರ ತಪ್ಪಿಸುವುದಿಲ್ಲ.

ಚಳಿ ಮುಗಿಯುವ ಹೊತ್ತಿಗೆ ಪೊದೆಗಳನ್ನು ನೆಲಮಟ್ಟಕ್ಕೆ ಕತ್ತರಿಸಿ, ಆ ಕಡ್ಡಿಗಳಲ್ಲಿ ಗಟ್ಟಿಯಾದವನ್ನು ಬೇಲಿಯುದ್ದಕ್ಕೂ ಊರುವುದು ಮುಂದಿನ ಕೆಲಸ.