ಹಾಡು ಒಂದು ಕಡೆ, ನಾಟಕ ಇನ್ನೊಂದು ಕಡೆ

ಬೆಳಗಾವಿ, 17 ನವೆಂಬರ್ 2024, ಭಾನುವಾರ

ನನ್ನ ಹತ್ತಿರ ಹಾಡು ಕಲಿಯುವ ಹುಡುಗಿಯೊಬ್ಬಳು ಪಿಯುಸಿ ಎರಡನೇ ವರ್ಷದಲ್ಲಿದ್ದಾಳೆ. ಮುಂದೆ ಸಂಗೀತವೂ ಬೇಕು, ನಾಟಕವೂ ಬೇಕು ಅಂತಾಳೆ. ಎಲ್ಲಿಗೆ ಕಳಿಸೋಣ ಅಂತ ಅವರಪ್ಪ ಈ ವಾರ ಬಂದು ಕೇಳಿದರು. ಹಾಡಿಗಾದರೆ ಮೈಸೂರಿನ ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯ ಇದೆ, ಧಾರವಾಡ ಇದೆ. ನಾಟಕಕ್ಕಾದರೆ ಹೆಗ್ಗೋಡಿನ ನೀನಾಸಂ ಇದೆ, ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆ ಇದೆ. ಎರಡನ್ನೂ ಸಮಸಮ ಕಲಿಸುವ ಜಾಗ ಯಾವುದು ಅಂದಾಗ ನಾನು ಥಟ್ಟನೆ ಒಂದು ಹೆಸರು ಹೇಳಲಾಗಲಿಲ್ಲ. ಅವತ್ತಿನಿಂದ ತಲೆಯಲ್ಲಿ ಅದೇ ಓಡುತ್ತಿದೆ.

ಲಂಡನ್ನಿನಲ್ಲಿ ಗಿಲ್ಡ್‌ಹಾಲ್ ಅಂತ ಎರಡನ್ನೂ ಕಲಿಸುವ ಒಂದು ಶಾಲೆ ಇದೆ. 1880ರ ಸೆಪ್ಟೆಂಬರಿನಲ್ಲಿ ಶುರುವಾದದ್ದು. ಮೊದಲು ಇದ್ದದ್ದು ಖಾಲಿ ಬಿದ್ದಿದ್ದ ಒಂದು ಗೋದಾಮಿನಲ್ಲಿ. 62 ವಿದ್ಯಾರ್ಥಿಗಳು, ಅವರೂ ಅರೆಕಾಲಿಕ. ಆಗ ಅದು ಬರೀ ಸಂಗೀತ ಶಾಲೆ. 1935ರಲ್ಲಿ ಹೆಸರಿಗೆ ನಾಟಕವೂ ಸೇರಿತು. ಈಗ ಅಲ್ಲಿ ಪಿಟೀಲು ಕಲಿಯುವವರು, ಆಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಹಾಡುವವರು, ನಟರು, ಬೆಳಕು ಮತ್ತು ರಂಗಸಜ್ಜಿಕೆ ಕಲಿಯುವವರು ಎಲ್ಲರೂ ಒಂದೇ ಶಾಲೆಯ ಮಕ್ಕಳು. ಆಪೆರಾ ಮಾಡಿದರೆ ಹಾಡುವವರು, ನುಡಿಸುವವರು, ದೀಪ ಹಾಕುವವರು ಎಲ್ಲರೂ ಮನೆಯವರೇ. ಜೇಮ್ಸ್ ಬಾಂಡ್ ಆದ ಡೇನಿಯಲ್ ಕ್ರೇಗ್ ಕಲಿತದ್ದು ಅಲ್ಲೇ. ಬೀಟಲ್ಸ್ ಹಾಡುಗಳನ್ನು ರೆಕಾರ್ಡ್ ಮಾಡಿಸಿದ ಜಾರ್ಜ್ ಮಾರ್ಟಿನ್ ಕೂಡ ಅಲ್ಲಿಯ ವಿದ್ಯಾರ್ಥಿ.

ಅದೇ 1880ರ ಅಕ್ಟೋಬರ್ ಕೊನೆಗೆ ಪುಣೆಯಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರ ಮರಾಠಿ ನಾಟಕ ಸಂಗೀತ ಶಾಕುಂತಲ ರಂಗಕ್ಕೆ ಬಂತು. ಅಣ್ಣಾಸಾಹೇಬರು ಹುಟ್ಟಿದ್ದು ನಮ್ಮ ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ. ಅದಕ್ಕೂ ಮೊದಲಿನ ಮರಾಠಿ ಆಟಗಳಲ್ಲಿ ಹಾಡುವ ಕೆಲಸ ಸೂತ್ರಧಾರನದು, ಪಾತ್ರಧಾರಿಗಳು ಅಭಿನಯಿಸಿ ಮಾತಾಡುತ್ತಿದ್ದರು. ಕಿರ್ಲೋಸ್ಕರರು ಪಾತ್ರದ ಹಾಡನ್ನು ಪಾತ್ರಧಾರಿಯ ಬಾಯಿಗೇ ಕೊಟ್ಟರು. ಹಾಡಲು ಬಾರದವನಿಗೆ ಅಲ್ಲಿಂದ ಮುಂದೆ ದೊಡ್ಡ ಪಾತ್ರ ಸಿಗುವುದು ಕಷ್ಟವಾಯಿತು. ಅಂದರೆ ಹಾಡನ್ನೂ ನಟನೆಯನ್ನೂ ಒಟ್ಟಿಗೆ ಕಲಿಸುವ ಅಗತ್ಯ ನಮ್ಮ ಸೀಮೆಯವರಿಗೆ ಆಗಲೇ ಗೊತ್ತಿತ್ತು, ಅಲ್ವಾ? ಅದಕ್ಕೆ ಕಟ್ಟಡ ಇರಲಿಲ್ಲ. ನಾಟಕ ಕಂಪನಿಯೇ ಶಾಲೆ.

ಹಿಂದುಸ್ತಾನಿ ಗಾಯಕ ಮಲ್ಲಿಕಾರ್ಜುನ ಮನಸೂರರು ಚಿಕ್ಕ ಹುಡುಗನಾಗಿ ಸೇರಿದ್ದು ವಾಮನರಾವ್ ಮಾಸ್ತರರ ನಾಟಕ ಕಂಪನಿಯನ್ನು. ನಮ್ಮ ರಂಗನಟ ಏಣಗಿ ಬಾಳಪ್ಪನವರು ತಮ್ಮ ಪಾತ್ರದ ಹಾಡು ತಾವೇ ಹಾಡುತ್ತಿದ್ದರು. ಕಲಾವೈಭವ ನಾಟ್ಯ ಸಂಘ ಕಟ್ಟಿ ಊರೂರು ಸುತ್ತಿದರು. 2017ರಲ್ಲಿ ತೀರಿಕೊಂಡಾಗ ಅವರಿಗೆ ನೂರು ದಾಟಿತ್ತು. ಗದುಗಿನ ವೀರೇಶ್ವರ ಪುಣ್ಯಾಶ್ರಮ ಇನ್ನೂ ದೊಡ್ಡ ಉದಾಹರಣೆ. ಪಂಚಾಕ್ಷರ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಕಣ್ಣಿಲ್ಲದ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. ಜೊತೆಗೆ ನಾಟಕ ಕಂಪನಿಯನ್ನೂ ನಡೆಸಿದರು. ನಾಟಕದಿಂದ ಬಂದ ದುಡ್ಡು ಆಶ್ರಮದ ಒಲೆ ಉರಿಸಿತು. ಪುಟ್ಟರಾಜರು ತಾವೇ ನಾಟಕ ಬರೆದರು. ಬೇರೆ ದೇಶದವರಿಗೆ ನಾನು ತೋರಿಸಬೇಕಾದರೆ ಮೊದಲು ಇದನ್ನೇ ತೋರಿಸುತ್ತೇನೆ.

ಈಗ ನಮ್ಮ ಕ್ಲಾಸುಗಳ ಕಥೆ ಬೇರೆ. ಮಕ್ಕಳು ಪರೀಕ್ಷೆಗೆ ಹಾಡುತ್ತಾರೆ. ಜೂನಿಯರ್, ಸೀನಿಯರ್, ಆಮೇಲೆ ವಿದ್ವತ್. ರಾಗದ ಆರೋಹ ಅವರೋಹ ಸರಿ, ತಾನ್ ಸರಿ, ತಾಳ ಸರಿ. ಆದರೆ ಕೂತಲ್ಲಿಂದ ಎದ್ದು ನಿಂತು ಹಾಡು ಅಂದರೆ ಕೈ ಎಲ್ಲಿಡಬೇಕು ಗೊತ್ತಾಗಲ್ಲ. ನಾಟಕದ ಹುಡುಗರು ಇದಕ್ಕೆ ಉಲ್ಟಾ. ಮೈ ಚೆನ್ನಾಗಿ ಆಡುತ್ತದೆ. ಹಾಡು ಬಂದ ಕೂಡಲೇ ಸ್ಪೀಕರಿನ ಟ್ರ್ಯಾಕಿಗೆ ತುಟಿ ಆಡಿಸುತ್ತಾರೆ. ನನಗೆ ಇದು ನಿಜಕ್ಕೂ ನೋವು ಕೊಡುವ ಸಂಗತಿ. ಎರಡೂ ಕಡೆ ಒಳ್ಳೆಯ ಮಕ್ಕಳೇ ಇದ್ದಾರೆ.

ಅದಕ್ಕೇ ಇವತ್ತು ಗೋಕಾಕ ಕಡೆಯಿಂದ ಪಾರಿಜಾತದ ಹಿರಿಯ ಕಲಾವಿದರೊಬ್ಬರನ್ನು ಕ್ಲಾಸಿಗೆ ಕರೆಸಿದ್ದೆ. ಶ್ರೀಕೃಷ್ಣ ಪಾರಿಜಾತ ನಮ್ಮ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಸ್ವಂತ ಬಯಲಾಟ. ಅಪರಾಳ ತಮ್ಮಣ್ಣ, ಕುಲಗೋಡ ತಮ್ಮಣ್ಣ, ಆಮೇಲೆ ಕೌಜಲಗಿ ನಿಂಗಮ್ಮ, ಹೀಗೆ ದೊಡ್ಡ ದೊಡ್ಡವರು ಬೆಳೆಸಿದ್ದು. ಹಾರ್ಮೋನಿಯಂ, ತಬಲಾ, ಹಿಂದುಸ್ತಾನಿ ರಾಗಗಳ ನೆರಳು, ಮಧ್ಯೆ ದೂತಿ ಅನ್ನೋ ಪಾತ್ರದ ಜವಾರಿ ಮಾತು. ರಾತ್ರಿ ಪೂರ್ತಿ ಹಾಡಬೇಕು, ಕುಣಿಯಬೇಕು, ಮಾತಾಡಬೇಕು.

ಆ ಹುಡುಗಿಗೆ ಸತ್ಯಭಾಮೆಯ ಸಿಟ್ಟಿನ ಒಂದು ಪದ ಕೊಟ್ಟರು. ಪಾರಿಜಾತದ ಹೂವು ರುಕ್ಮಿಣಿಗೆ ಹೋಯಿತು ಅಂತ ಗೊತ್ತಾದ ಜಾಗ. ಕೂತು ಹಾಡಿದಾಗ ಎಷ್ಟು ಚಂದ ಹಾಡಿದಳು! ನಿಂತು ಹಾಡು ಅಂದರು. ಸ್ವರ ಹಾಗೇ ಇತ್ತು. ಆದರೆ ಬಲಗೈ ತೊಡೆಯ ಮೇಲೆ ತಾಳದ ಮಾತ್ರೆ ಎಣಿಸುತ್ತಲೇ ಇತ್ತು. ನಾನೇ ಕಲಿಸಿದ ಅಭ್ಯಾಸ ಅದು, ಕ್ಲಾಸಿಗೆ ಬೇಕೇ ಬೇಕು. ಹಿರಿಯರು ಹತ್ತಿರ ಹೋಗಿ ಆ ಕೈ ಹಿಡಿದುಕೊಂಡರು. "ಯವ್ವಾ, ಸಿಟ್ಟು ಬಂದಾಕಿ ತಾಳಾ ಹಾಕ್ತಾಳೇನು? ತಾಳಾ ಕಾಲಾಗ ಇರ್ಲಿ" ಅಂದರು. ಹಿಮ್ಮಡಿಯನ್ನು ಸಣ್ಣಗೆ ಒತ್ತಿ ತೋರಿಸಿದರು. ನೋಡುವವರಿಗೆ ಅದು ತಾಳ ಅಂತ ಕಾಣುವುದೇ ಇಲ್ಲ. ಹೆಂಗಸೊಬ್ಬಳು ಸಿಟ್ಟಿನಲ್ಲಿ ನೆಲ ಒತ್ತುತ್ತಿದ್ದಾಳೆ ಅಷ್ಟೇ.

ಇನ್ನೊಂದು ತೊಡಕು ಬಂತು. ಕೃಷ್ಣನಿಗೆ ಬೆನ್ನು ಮಾಡಿ ತಿರುಗುವಾಗ ತಾರ ಷಡ್ಜ, ಅಂದರೆ ಮೇಲಿನ ಸಾ, ಇದೆ. ತಿರುಗಿದ ಕೂಡಲೇ ಅವಳ ಸ್ವರ ಕೂದಲೆಳೆಯಷ್ಟು ಇಳಿಯುತ್ತಿತ್ತು. ನಾನಾಗಿದ್ದರೆ ಇನ್ನಷ್ಟು ರಿಯಾಜ್ ಮಾಡು ಅನ್ನುತ್ತಿದ್ದೆ. ಅವರು ಗಂಟಲಿನ ಬಗ್ಗೆ ಮಾತೇ ಆಡಲಿಲ್ಲ. ಕುತ್ತಿಗೆ ನೋಡಿದರು. ಅವಳು ಮೊದಲು ಮುಖ ತಿರುಗಿಸಿ, ಆಮೇಲೆ ಮೈ ತಿರುಗಿಸುತ್ತಿದ್ದಳು. ಕುತ್ತಿಗೆ ಹಿಂಡಿದಂತಾಗಿ ಗಂಟಲು ಬಿಗಿಯುತ್ತಿತ್ತು. ಉಸಿರು ಮೊದಲು ತಗೋ, ಸೊಂಟದಿಂದ ತಿರುಗು, ಸ್ವರ ಹಿಡಿದ ಮೇಲೆ ಮುಖ ಕೊನೆಗೆ ತಿರುಗಲಿ ಅಂತ ಹೇಳಿಕೊಟ್ಟರು. ನಾಲ್ಕಾರು ಸಲ ಮಾಡಿದ ಮೇಲೆ ಷಡ್ಜ ನೆಟ್ಟಗೆ ನಿಂತಿತು. ತಬಲಾದವರು ತಾವಾಗೇ ವಾಹ್ ಅಂದರು. ಮುಖ ಕೊನೆಗೆ ತಿರುಗಿದ್ದರಿಂದ ಸಿಟ್ಟು ಕೂಡ ಜಾಸ್ತಿ ಕಂಡಿತು. ಮನಸ್ಸಿಲ್ಲದೆ ಕೃಷ್ಣನಿಂದ ಕಣ್ಣು ಕಿತ್ತ ಹಾಗೆ. ಹಾಡು ಸುಧಾರಿಸಿದ್ದೂ ಅದರಿಂದಲೇ, ನಟನೆ ಸುಧಾರಿಸಿದ್ದೂ ಅದರಿಂದಲೇ. ಬೇರೆ ಬೇರೆ ಮೇಷ್ಟ್ರ ಹತ್ತಿರ ಬೇರೆ ಬೇರೆ ದಿನ ಕಲಿತಿದ್ದರೆ ಈ ವಿದ್ಯೆ ಯಾರೂ ಕೊಡುತ್ತಿರಲಿಲ್ಲ.

ರಂಗನಿರ್ದೇಶಕ ಬಿ.ವಿ. ಕಾರಂತರು ನೆನಪಾಗುತ್ತಾರೆ. ಗುಬ್ಬಿ ಕಂಪನಿಯಲ್ಲಿ ಹುಡುಗನಾಗಿ ಪಳಗಿದವರು. ಕಾಶಿಯಲ್ಲಿ ಓಂಕಾರನಾಥ ಠಾಕೂರರ ಹತ್ತಿರ ಸಂಗೀತ ಕಲಿತರು. ಆಮೇಲೆ ದಿಲ್ಲಿಯ ನಾಟಕ ಶಾಲೆಯಲ್ಲಿ ಓದಿದರು, ಮುಂದೆ ಅದಕ್ಕೇ ನಿರ್ದೇಶಕರಾದರು. 1989ರಲ್ಲಿ ಮೈಸೂರಿನ ರಂಗಾಯಣ ಕಟ್ಟಿದರು. ಅವರ ರಂಗಸಂಗೀತಕ್ಕೆ ಆ ಜೀವ ಬಂದದ್ದು ಈ ಎರಡೂ ಬೇರು ಇದ್ದದ್ದರಿಂದ ಅಂತ ನಾನು ನಂಬಿದ್ದೇನೆ.

ದೊಡ್ಡ ಊರಿಗೆ ಹೋಗುವುದು ಬೇಡ ಅಂತ ನಾನು ಹೇಳಲ್ಲ. ಇಲ್ಲೇ ಪಕ್ಕದ ಸುಳೇಭಾವಿಯ ಶಿವಪುತ್ರ ಅನ್ನೋ ಹುಡುಗ ಮುಂಬೈಗೆ ಹೋಗಿ ದೇವಧರ ಮಾಸ್ತರರ ಸಂಗೀತ ಶಾಲೆ ಸೇರಿದ್ದಕ್ಕೇ ನಮಗೆ ಇಂಥ ಗಾಯಕ ಕುಮಾರ ಗಂಧರ್ವ ಸಿಕ್ಕರು. ದೊಡ್ಡ ಊರಿನಲ್ಲಿ ಹತ್ತು ಘರಾಣೆ, ಅಂದರೆ ಹಾಡುಗಾರಿಕೆಯ ಪರಂಪರೆಗಳು, ಕಿವಿಗೆ ಬೀಳುತ್ತವೆ, ದಿನಾ ಒಂದು ಕಛೇರಿ, ಒಂದು ನಾಟಕ. ಅದು ಬೇಕು. ಆದರೆ ಹೋಗುವ ಮುಂಚೆ ಇಲ್ಲಿನ ಮಣ್ಣಿನಲ್ಲಿರುವುದನ್ನು ಕಲಿತು ಹೋಗಲಿ. ಅಲ್ಲಿ ಅದನ್ನು ಯಾರೂ ಕಲಿಸಲ್ಲ.

ಸಂಜೆ ಅವರಪ್ಪನಿಗೆ ಫೋನ್ ಮಾಡಿದೆ. ಪರೀಕ್ಷೆ ಮುಗಿಯಲಿ, ನಾಟಕದ ಶಾಲೆಗೆ ಅರ್ಜಿ ಹಾಕಿಸಿ, ಹಾಡಿನ ಪಾಠ ಬಿಡಿಸಬೇಡಿ, ರಜೆಗೆ ಬಂದಾಗೆಲ್ಲ ನನ್ನ ಹತ್ತಿರ ಕೂರಲಿ ಅಂತ ಹೇಳಿದೆ. ಹೆಣ್ಣುಮಗಳು, ರಾತ್ರಿ ಆಟ, ದೂರದ ಊರು ಅಂತ ಅವರಿಗೆ ಚಿಂತೆ. ಅದನ್ನೂ ಕೇಳಿಸಿಕೊಂಡೆ. ಮುಂದಿನ ವಾರ ಗಂಡಹೆಂಡತಿ ಇಬ್ಬರೂ ಬಂದು ಕ್ಲಾಸು ನೋಡುತ್ತಾರಂತೆ.

ಹಿರಿಯರು ಇನ್ನು ಮೇಲೆ ಭಾನುವಾರ ಬರಲು ಒಪ್ಪಿದ್ದಾರೆ. ಬಸ್ ಚಾರ್ಜು, ಊಟ, ಒಂದಿಷ್ಟು ಗೌರವಧನ ಮಕ್ಕಳ ಫೀಸಿನಲ್ಲೇ ಹೊಂದಿಸುತ್ತೇನೆ. ನಾಟಕ ಮಾಡುವ ಕಾಲೇಜು ಹುಡುಗರಿಗೂ ಹೇಳಿ ಕಳಿಸಿದ್ದೇನೆ. ಅವರಿಗೆ ಹಾಡಿನ ಪಾಠ ನಾನು ಕೊಡುತ್ತೇನೆ, ಟ್ರ್ಯಾಕ್ ಇಲ್ಲದೆ, ಬರೀ ಹಾರ್ಮೋನಿಯಂ ಜೊತೆ. ಮುಂದಿನ ಪಾಠ ದೂತಿಯದು. ಅದರಲ್ಲಿ ಮಾತಿನಿಂದ ಹಾಡಿಗೆ ದಾಟುವ ಜಾಗಗಳು ಜಾಸ್ತಿ ಇವೆ. ಅಲ್ಲೇ ಎಲ್ಲರೂ ಶ್ರುತಿ ತಪ್ಪುವುದು.